ನೋಟಿನ ಮೇಲೆ ಕೂತ ಅಂಬಿಗ

ಅಮೆರಿಕದ ಇಂಡಿಯಾನಾದಲ್ಲಿ, ವಾಬಾಷ್ ಹೊಳೆಯ ಪ್ರೂಯಿಟ್ ಕಡವಿನಲ್ಲಿ ನಾಣ್ಯದ ಸದ್ದು ಕೇಳದೆ ದೋಣಿ ದಡ ಬಿಡುತ್ತಿರಲಿಲ್ಲ. ದೋಣಿಯ ಮೂತಿಗೆ ಕಮ್ಮಾರನ ಕಬ್ಬಿಣದ ಅಡಿಗಲ್ಲಿನ ತುಂಡೊಂದನ್ನು ಬಿಗಿಯಲಾಗಿತ್ತು. ಅಂಬಿಗ ಎಲ್ಕಾನಾ ಪ್ರೂಯಿಟ್, ದಾಟುವವರು ಕೊಟ್ಟ ನಾಣ್ಯವನ್ನು ಅದರ ಮೇಲೆ ಟಣ್ಣೆಂದು ಕುಟ್ಟಿ, ತಲೆ ಓರೆ ಮಾಡಿ, ಸದ್ದು ಪೂರ್ತಿ ಅಡಗುವ ತನಕ ಆಲಿಸುವನು. ಸದ್ದು ಮೆಚ್ಚಿಕೆಯಾದರೆ ಗಳಕ್ಕೆ ಕೈ ಹಾಕುವನು. ಮೆಕ್ಸಿಕೋದ್ದೋ, ಸ್ಪೇನಿನದ್ದೋ, ಉಳಿಯಿಂದ ಕತ್ತರಿಸಿದ ತುಂಡೋ, ಬೆಳ್ಳಿಯಾದರೆ ಅದರ ಮೇಲೆ ಯಾವ ರಾಜ ಕೂತಿದ್ದರೂ ಅವನಿಗೆ ಅಡ್ಡಿಯಿರಲಿಲ್ಲ. ಬೆಳ್ಳಿಯಿಲ್ಲದವರು ಕೋಳಿ ಕೊಡಬಹುದಿತ್ತು, ಎಲೆಕೋಸು ಕೊಡಬಹುದಿತ್ತು, ಹೆಣೆದ ಕಾಲುಚೀಲ ಕೊಡಬಹುದಿತ್ತು. ಕುದುರೆಯೇರಿ ಊರೂರು ಸುತ್ತುವ ಬೋಧಕರೊಬ್ಬರು ಬರಿಗೈಯಲ್ಲಿ ಬಂದಾಗ, ಆಚೆ ದಡ ಮುಟ್ಟುವವರೆಗೂ ತನ್ನ ಪರವಾಗಿ ಪ್ರಾರ್ಥನೆ ಮಾಡಿಸಿಕೊಂಡು ಲೆಕ್ಕ ಚುಕ್ತಾ ಮಾಡಿದ್ದನು. ಆದರೆ ಆಗ ಒಂದೊಂದು ಬ್ಯಾಂಕೂ ತನ್ನದೇ ಎಂದು ಅಚ್ಚು ಹಾಕಿಸುತ್ತಿದ್ದ ನೋಟು ಮಾತ್ರ ಕೂಡದು. ರೇಷ್ಮೆ ಟೋಪಿಯ ವ್ಯಾಪಾರಿಗಳು ಜೇಬಿನ ತುಂಬ ನೋಟಿಟ್ಟುಕೊಂಡು ದಡದಲ್ಲಿ ಕುಣಿದಾಡುತ್ತಿದ್ದರೆ, ಅವನು ದೋಣಿಯ ಅಂಚಿನಲ್ಲಿ ಕೂತು ಮೆಕ್ಕೆಜೋಳದ ರೊಟ್ಟಿಗೆ ಹಂದಿಯ ಕೊಬ್ಬು ಸವರಿಕೊಂಡು ನೆಮ್ಮದಿಯಾಗಿ ತಿನ್ನುತ್ತಿದ್ದನು.

ಈ ಹಟಕ್ಕೆ ಕಾರಣವಿತ್ತು. ಎಲ್ಕಾನಾ ಚಿಕ್ಕವನಾಗಿದ್ದಾಗ ಅವನ ತಂದೆ ಕೆಂಟಕಿಯಲ್ಲಿದ್ದ ಜಮೀನು ಮಾರಿದನು. ಕೊಂಡವರು ಅಂದವಾದ ನೋಟುಗಳ ಕಟ್ಟೊಂದನ್ನು ಕೊಟ್ಟರು. ಅದನ್ನು ಬೆಳ್ಳಿ ಮಾಡಿಸಿಕೊಳ್ಳಲು ತಂದೆ ಕುದುರೆ ಹತ್ತಿ ಬ್ಯಾಂಕನ್ನು ಹುಡುಕಿಕೊಂಡು ಹೋದರೆ, ಕಾಡಿನ ಅಂಚಿನಲ್ಲಿ ಒಂದು ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಕಾವಿಗೆ ಕೂತ ಒಂದು ಕೋಳಿ. ಬೇರೆ ಅಧಿಕಾರಿಗಳಾರೂ ಇರಲಿಲ್ಲ. ತಂದೆ ಹಿಂದಿರುಗಿ ಬಂದು, ಗಂಜಿ ಕಾಯಿಸಿ, ಆ ನೋಟುಗಳನ್ನೆಲ್ಲ ಗುಡಿಸಲಿನ ಮರದ ಗೋಡೆಗೆ ಅಂಟಿಸಿದನು. ಗಾಳಿಯಾದರೂ ನಿಲ್ಲಲಿ ಎಂದು. ಎಲ್ಕಾನಾ ಅಕ್ಷರ ಕಲಿತದ್ದು ಆ ಗೋಡೆಯಿಂದಲೇ. 'ಇದನ್ನು ತಂದವರು ಕೇಳಿದೊಡನೆ ಬೆಳ್ಳಿ ಕೊಡಲಾಗುವುದು' ಎಂಬುದು ಅವನು ಕೂಡಿಸಿ ಓದಿದ ಮೊದಲನೆಯ ವಾಕ್ಯ. ಓದು ಬಂದ ದಿನವೇ ಓದಿದ್ದರ ಮೇಲಿನ ನಂಬಿಕೆ ಹೋಯಿತು.

ಆ ಕಾಲದಲ್ಲಿ ಇಂಡಿಯಾನಾದ ಯಾವ ಅಂಗಡಿಯ ಒಲೆಯ ಸುತ್ತ ಕೂತರೂ ಇದೇ ಮಾತು. ಬೆಳ್ಳಿ ಮೇಲೋ, ಕಾಗದ ಮೇಲೋ. ಕಡವಿನ ಊರಿನಲ್ಲಿ ಕಾಗದದ ಪಕ್ಷದ ಮುಖಂಡ ಅಂಗಡಿಯ ಆರಿನ್ ಫಿಸ್ಕ್. ಎಲ್ಕಾನಾನ ಬಾಲ್ಯದ ಗೆಳೆಯ. ಆದುದರಿಂದಲೇ ಬದ್ಧ ವಿರೋಧಿ.

"ಲೇ ಎಲ್ಕಾನಾ, ದೋಣಿ ತೇಲೋಕೆ ಹೊಳೇಲಿ ನೀರು ಬೇಕು ತಾನೆ? ವ್ಯಾಪಾರ ತೇಲೋಕೂ ನೋಟು ಬೇಕು ಕಣೋ. ಈ ಸುತ್ತಮುತ್ತ ಇರೋ ಬೆಳ್ಳಿನೇ ಒಂದು ಹಿಡಿ. ಅದರಲ್ಲಿ ಅರ್ಧ ನಿಮ್ಮನೆ ನೆಲದಡಿ ಗಡಿಗೇಲಿದೆ."

"ನೀರು ಇದ್ರೆ ನಾನ್ಯಾಕೆ ಬೇಡ ಅಂತೀನಿ? ನಿನ್ನ ಬ್ಯಾಂಕಿನೋರು ನೀರಿನ ಚಿತ್ರ ಬರೆದುಕೊಟ್ಟು, ಹಾರಿ ಈಜು ಅಂತಾರಲ್ಲ, ಅದು ಬೇಡ ಅಂತೀನಿ."

"ಚಿತ್ರ ಅಂತೆ! ನಾನು ನೋಟಲ್ಲೇ ಅಂಗಡಿ ನಡೆಸ್ತಿಲ್ವಾ?"

"ನಡೆಸ್ತೀಯಪ್ಪಾ, ನಡೆಸ್ತೀಯ. ಯಾವ ಬ್ಯಾಂಕು ಬದುಕಿದೆ, ಯಾವುದು ಸತ್ತಿದೆ ಅಂತ ಪುಸ್ತಕ ತೆಗೆದು ನೋಡ್ತೀಯ. ಗಿರಾಕಿ ಒಂದು ಪೌಂಡು ಕಾಫಿ ಕೇಳಿದ್ರೆ, ನೀನು ಓದಿ ಮುಗಿಸೋ ಹೊತ್ತಿಗೆ ಅವನಿಗೆ ಕಾಫಿ ಆಸೆನೇ ಹೋಗಿರುತ್ತೆ."

ಕೊನೆಗೆ ಇಬ್ಬರೂ ಒಲೆಯ ಬೂದಿಗೆ ಉಗುಳಿ, ಉಳಿದದ್ದು ನಾಳೆಗೆ ಎಂದು ಏಳುವರು. ಊಟದಷ್ಟೇ ಅಗತ್ಯವಾಗಿದ್ದ ಜಗಳ ಅದು.

ಹೀಗಿರಲು ಒಂದು ವಸಂತದಲ್ಲಿ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವವನೊಬ್ಬನು ಗಾಡಿಯ ತುಂಬ ಪೆಟ್ಟಿಗೆಗಳನ್ನು ಹೇರಿಕೊಂಡು ಕಡವಿಗೆ ಬಂದನು. ಅವನ ಬಳಿ ಬೆಳ್ಳಿಯಿರಲಿಲ್ಲ. ದಾಟಿಸಿದರೆ ಅಂಬಿಗನ ಚಿತ್ರ ತೆಗೆದುಕೊಡುವೆನೆಂದನು.

"ಯಾತರ ಮೇಲೆ ತೆಗೀತೀಯ? ಕಾಗದದ ಮೇಲಾ?" ಎಂದು ಎಲ್ಕಾನಾ ಅನುಮಾನದಿಂದ ಕೇಳಿದನು.

"ಕಾಗದ ಎಲ್ಲಿ ಬಂತು ಯಜಮಾನ್ರೇ? ಬೆಳ್ಳಿ ಬಳಿದ ತಾಮ್ರದ ತಗಡು ಇದು."

"ಬೆಳ್ಳಿನಾ? ಹಾಗಾದ್ರೆ ತೆಗಿ."

ಚಿತ್ರದವನು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೆ ಗಳ ಕೊಟ್ಟು, ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆಯೊಂದನ್ನು ಒತ್ತಿಟ್ಟು, ರೆಪ್ಪೆ ಬಡಿಯಕೂಡದೆಂದು ಆಜ್ಞೆ ಮಾಡಿದನು. ಅದೇ ಸಮಯಕ್ಕೆ ಮೂಗಿನ ಮೇಲೊಂದು ನೊಣ ಬಂದು ಕೂತಿತು. ಹೀಗಾಗಿ ಚಿತ್ರದಲ್ಲಿ ಮೂಡಿದ ಮುಖ, ಎದುರಿಗಿರುವವನು ಈಗ ತಾನೇ ಹಸಿ ಸುಳ್ಳು ಹೇಳಿದ್ದಾನೆ ಎಂಬಂತೆ ದುರುದುರು ನೋಡುತ್ತಿತ್ತು. ಎಲ್ಕಾನಾನ ಹೆಂಡತಿ ತಿರ್ಜಾ ಅದನ್ನು ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟಳು. ಬೆಣ್ಣೆ ಕಡೆಯುವಾಗಲೆಲ್ಲ ಯಾರೋ ಹಿಂದಿನಿಂದ ಗದರಿಸಿದಂತಾಗುವುದೆಂದು ಆಮೇಲೆ ಗೋಡೆಯ ಕಡೆಗೆ ತಿರುಗಿಸಿಟ್ಟಳು. ಚಿತ್ರದವನು ಒಂದಲ್ಲ, ಎರಡು ತಗಡು ತೆಗೆದಿದ್ದನೆಂಬುದು ಗಂಡಹೆಂಡಿರಿಗೆ ಗೊತ್ತಾಗಲಿಲ್ಲ.

ಅದೇ ವರ್ಷ ಪೂರ್ವದ ಸೀಮೆಯಿಂದ ಲೂಷಿಯಸ್ ವಾಡಮ್ ಎಂಬವನು ಬಂದು ಊರಿನಲ್ಲಿ ಬ್ಯಾಂಕು ತೆರೆದನು. ಇಟ್ಟಿಗೆಯ ಕಟ್ಟಡ, ಮುಂದೆ ನಾಲ್ಕು ಬಿಳಿ ಕಂಬ. ಕಂಬಗಳು ಮರದವು ಎಂದು ಎಲ್ಕಾನಾ ಬೆರಳಿನಿಂದ ತಟ್ಟಿ ನೋಡಿ ಊರಿಗೆಲ್ಲ ಹೇಳಿಕೊಂಡು ಬಂದನು.

ಬ್ಯಾಂಕಿನ ನೋಟುಗಳು ಅಚ್ಚಾಗಿ ಬಂದ ದಿನ, ಆರಿನ್ ಎಂದಿನಂತೆ ವಾದಕ್ಕಿಳಿಯಲಿಲ್ಲ. ಒಲೆಯ ಪಕ್ಕ ಕೂತು ಸುಮ್ಮನೆ ಮೀಸೆಯಡಿ ನಗುತ್ತಿದ್ದನು.

"ಎಲ್ಕಾನಾ, ನೋಟು ಮುಟ್ಟಲ್ಲ ಅಂತ ನಿನ್ನ ಪ್ರತಿಜ್ಞೆ. ದೂರದಿಂದ ನೋಡೋಕೆ ಅಡ್ಡಿ ಇಲ್ಲ ತಾನೆ?" ಎಂದು ಹೊಚ್ಚ ಹೊಸ ಒಂದು ಡಾಲರಿನ ನೋಟನ್ನು ಎತ್ತಿ ಹಿಡಿದನು.

ನೋಟಿನ ನಡುಮಧ್ಯದಲ್ಲಿ, ಬಳ್ಳಿ ಎಲೆಗಳ ಚೌಕಟ್ಟಿನೊಳಗೆ, ಗಳ ಹಿಡಿದು ದುರುದುರು ನೋಡುತ್ತ ಎಲ್ಕಾನಾ ಪ್ರೂಯಿಟ್ ಕೂತಿದ್ದನು.

ಅವನ ಬಾಯಿಂದ ಹೊರಟ ಮಾತುಗಳನ್ನು ಬರೆಯುವ ಹಾಗಿಲ್ಲ.

ಸುದ್ದಿ ಮನೆ ಮುಟ್ಟಿತು; ಅದರ ಹಿಂದೆಯೇ ಆರಿನ್ ಕಳಿಸಿದ ನೋಟನ್ನು ತಿರ್ಜಾ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಅಯ್ಯೋ ಪ್ರೂಯಿಟ್ಟರೇ, ಕಾಲರ್ ಹರಿದಿರೋದೂ ಎದ್ದು ಕಾಣ್ತಿದೆಯಲ್ರೀ! ಇನ್ನು ಇಡೀ ಇಂಡಿಯಾನಾ ನನ್ನನ್ನ ಎಂಥಾ ಹೆಂಗಸು ಅಂದ್ಕೊಳ್ಳುತ್ತೆ?"

"ನನ್ನ ಮಾನ ಹೋಗ್ತಿದೆ. ನಿನಗೆ ಕಾಲರ್ ಚಿಂತೆ!"

"ಮಾನ ಒಳಗಿರುತ್ತೆ. ಕಾಲರ್ ಹೊರಗಿರುತ್ತೆ."

ಎಲ್ಕಾನಾ ಮರುದಿನ ಬ್ಯಾಂಕಿಗೆ ನುಗ್ಗಿದನು. ವಾಡಮ್ ದುಂಡು ಮುಖದ, ಮೆತ್ತಗೆ ಮಾತನಾಡುವ ಮನುಷ್ಯ. ಕುರ್ಚಿ ಕೊಟ್ಟು ಕೂರಿಸಿದನು.

"ಪ್ರೂಯಿಟ್ ಅವರೇ, ಬೇರೆ ಬ್ಯಾಂಕಿನೋರು ದೇವತೆಗಳ ಚಿತ್ರ ಹಾಕ್ತಾರೆ, ತೀರಿಹೋದ ಅಧ್ಯಕ್ಷರ ಚಿತ್ರ ಹಾಕ್ತಾರೆ. ನನ್ನ ಮುಖ ಹಾಕಿದ್ರೆ ಯಾರು ತಗೋತಿದ್ರು ಹೇಳಿ? ಅದಕ್ಕೇ ಆ ಚಿತ್ರದವನ ಹತ್ರ ನಿಮ್ಮ ಇನ್ನೊಂದು ತಗಡು ಕೊಂಡ್ಕೊಂಡೆ. ಈ ಊರಲ್ಲಿ ಜನ ಕಣ್ಣು ಮುಚ್ಚಿ ನಂಬೋದು ಒಬ್ಬರನ್ನೇ, ಯಾವುದನ್ನೂ ನಂಬದೇ ಇರೋ ನಿಮ್ಮನ್ನ."

"ನನ್ನ ಮುಖ ತೆಗೀರಿ."

"ಅಚ್ಚಿನ ಫಲಕ ಕೆತ್ತಿಸೋಕೆ ಎಷ್ಟು ಖರ್ಚಾಗಿದೆ ಗೊತ್ತಾ ನಿಮಗೆ? ಅದು ಸವೆಯೋ ತನಕ ಇರಲಿ. ಬೇಕಾದ್ರೆ ನಿಮಗೆ ಒಂದು ನೋಟಿಗೆ ಚೌಕಟ್ಟು ಹಾಕಿಸಿ ಕೊಡ್ತೀನಿ, ಗಾಜಿನ ಜೊತೆ."

ಗಾಜಿನ ಮಾತು ಕೇಳಿ ಎಲ್ಕಾನಾ ಎದ್ದು ಬಂದುಬಿಟ್ಟನು.

ನಿಜವಾದ ತಾಪತ್ರಯ ಶುರುವಾದದ್ದು ಮೊಟ್ಟೆ ಮಾರುವ ವಿಧವೆ ಕೆಜಾಯಾ ಸ್ಟಾಟಳಿಂದ. ಆಕೆ ಬುಟ್ಟಿ ಸೊಂಟಕ್ಕಿಟ್ಟುಕೊಂಡು ದೋಣಿಯ ಹತ್ತಿರ ಬಂದು ನೋಟೊಂದನ್ನು ಮುಂದೆ ಚಾಚಿದಳು.

"ತಗೋ ಎಲ್ಕಾನಾ. ಇದಕ್ಕೆ ಬೆಳ್ಳಿ ಕೊಡು."

"ನಾನ್ಯಾಕೆ ಕೊಡ್ಲಿ ಕೆಜಾಯಮ್ಮ? ಬ್ಯಾಂಕಿಗೆ ಹೋಗು."

"ಕೇಳಿದೊಡನೆ ಕೊಡಲಾಗುವುದು ಅಂತ ಇದೆಯಂತೆ. ಆರಿನ್ ಓದಿ ಹೇಳಿದ. ಯಾರು ಕೊಡೋದು? ಚಿತ್ರದಲ್ಲಿ ಇರೋನೇ ತಾನೆ ಕೊಡಬೇಕಾದ್ದು? ವಾಡಮ್ ಚಿತ್ರ ಇದ್ದಿದ್ರೆ ವಾಡಮ್ ಹತ್ರ ಹೋಗ್ತಿದ್ದೆ."

"ಅದು ನನ್ನನ್ನ ಕೇಳದೆ ಹಾಕಿರೋದು!"

"ನನ್ನನ್ನೂ ಕೇಳಿಲ್ಲ ಅವರು. ಮೊಟ್ಟೆ ಕೊಟ್ಟವಳು ನಾನು. ನೋಟಿನ ಮೇಲೆ ನೀನಿದ್ದೀಯ ಅಂತ ಕೊಟ್ಟೆ. ಇಲ್ಲಾಂದ್ರೆ ಬುಟ್ಟಿ ಬಟ್ಟೆ ಕೂಡ ತೆಗೀತಿರಲಿಲ್ಲ."

ಎಲ್ಕಾನಾ ಹೊಳೆಯನ್ನು ನೋಡಿದನು, ಆಕಾಶವನ್ನು ನೋಡಿದನು, ಬಗ್ಗಿ ಚರ್ಮದ ಚೀಲದಿಂದ ಒಂದು ಬೆಳ್ಳಿಯ ಡಾಲರು ತೆಗೆದು ಕೊಟ್ಟನು. ಕೆಜಾಯಮ್ಮ ಅದನ್ನು ಅವನ ಅಡಿಗಲ್ಲಿನ ಮೇಲೇ ಕುಟ್ಟಿ ನೋಡಿಕೊಂಡು ಹೋದಳು.

ಆಕೆ ಹೊಟ್ಟೆಯಲ್ಲಿ ಮಾತಿಟ್ಟುಕೊಳ್ಳುವವಳಲ್ಲ. ವಾರ ಕಳೆಯುವುದರೊಳಗೆ ಕಡವಿನಲ್ಲಿ ದೋಣಿ ಹತ್ತುವವರಿಗಿಂತ ನೋಟು ತರುವವರೇ ಹೆಚ್ಚಾದರು. ನೆಲದಡಿಯ ಗಡಿಗೆ ಬರಿದಾಗುತ್ತ ಬಂತು. ಹಿಟ್ಟಿನ ಡಬ್ಬಿ ನೋಟಿನಿಂದ ತುಂಬುತ್ತ ಬಂತು.

"ಅಲ್ಲಾ ಪ್ರೂಯಿಟ್ಟರೇ, ನೋಟು ತಗೊಳ್ಳಲ್ಲ ಅಂತಿದ್ರಿ," ಎಂದಳು ತಿರ್ಜಾ.

"ನಾನು ತಗೊಳ್ತಿಲ್ಲ. ಬೀದಿನಾಯಿ ಹಿಡಿದು ಕಟ್ಟಿ ಹಾಕ್ತಾರಲ್ಲ, ಹಾಗೆ ಹಿಡಿದು ಹಾಕ್ತಿದ್ದೀನಿ. ನನ್ನ ಮುಖ ಹೊತ್ತುಕೊಂಡು ಕಾಗದ ಊರು ತಿರುಗಬಾರದು. ಇವುಗಳನ್ನ ನಂಬಿ ಒಬ್ಬೇ ಒಬ್ಬರು ಕೆಟ್ಟರೂ, ಕೆಡಿಸಿದೋನು ಪ್ರೂಯಿಟ್ ಅಂತಾರೆ."

"ಹಿಡಿದ ನಾಯಿಗಳಿಂದ ರೊಟ್ಟಿ ಆಗಲ್ಲ. ಹಿಟ್ಟಿಡೋಕೆ ಡಬ್ಬಿ ಇಲ್ಲ. ಅದರಲ್ಲಿ ಬರೆದಿದೆಯಲ್ಲ ಬೆಳ್ಳಿ ಕೊಡ್ತೀವಿ ಅಂತ. ಹೋಗಿ ಇಸ್ಕೊಂಡು ಬನ್ನಿ."

ಮಾತು ಸರಿಯೆನಿಸಿತು. ನೋಟುಗಳನ್ನೆಲ್ಲ ಹಿಟ್ಟಿನ ಗೋಣಿಗೆ ಸುರಿದುಕೊಂಡು, ಅದನ್ನು ಹೆಗಲಿಗೇರಿಸಿ, ನಡು ಮಧ್ಯಾಹ್ನ, ನಡು ಬೀದಿಯಲ್ಲಿ ಎಲ್ಕಾನಾ ಬ್ಯಾಂಕಿಗೆ ನಡೆದನು. ಇದಕ್ಕಿಂತ ದೊಡ್ಡ ತಪ್ಪನ್ನು ಬೇಕೆಂದು ಮಾಡಲೂ ಸಾಧ್ಯವಿರಲಿಲ್ಲ. ಅವನು ಗೋಣಿ ಹೊತ್ತು ಬ್ಯಾಂಕಿನ ಮೆಟ್ಟಿಲು ಹತ್ತುವುದನ್ನು ಕ್ಷೌರದಂಗಡಿಯಿಂದ ನೋಡಿದವನೊಬ್ಬನು, ಮುಖಕ್ಕೆ ಸಾಬೂನು ಹಚ್ಚಿಕೊಂಡಿದ್ದಂತೆಯೇ ಬೀದಿಗೆ ಹಾರಿ ಕೂಗಿದನು: "ನೋಟಿನ ಮೇಲೆ ಇರೋನೇ ನೋಟು ಕೊಟ್ಟು ಬೆಳ್ಳಿ ಇಸ್ಕೊಳ್ತಿದ್ದಾನೆ ಕಣ್ರೋ!"

ಒಳಗೆ ವಾಡಮ್ ಹಸನ್ಮುಖಿಯಾಗಿ ನೋಟು ಎಣಿಸಿಕೊಂಡು ಬೆಳ್ಳಿ ಎಣಿಸಿ ಕೊಟ್ಟನು. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಎಲ್ಕಾನಾ ಒಂದೊಂದು ನಾಣ್ಯವನ್ನೂ ಹಣ ಎಣಿಸುವ ಕಟ್ಟೆಯ ಮೇಲೆ ಟಣ್ಣೆಂದು ಕುಟ್ಟಿ, ತಲೆ ಓರೆ ಮಾಡಿ, ಸದ್ದು ಅಡಗುವ ತನಕ ಕೇಳಿಯೇ ಗೋಣಿಗೆ ಹಾಕುತ್ತಿದ್ದನು. ಅವನು ಕೇಳಿ ಮುಗಿಸುವ ಹೊತ್ತಿಗೆ ಬೀದಿ ತುಂಬಿ, ಮೆಟ್ಟಿಲು ತುಂಬಿ, ಬಾಗಿಲಲ್ಲಿ ಮೊಣಕೈ ಗುದ್ದಾಟ ನಡೆದಿತ್ತು. ಎಲ್ಲರ ಕೈಯಲ್ಲೂ ನೋಟು. ಪ್ರತಿ ನೋಟಿನಲ್ಲೂ ಅವನೇ.

"ಪ್ರೂಯಿಟ್ ಅವರೇ, ದಯವಿಟ್ಟು ಹಿಂದಿನ ಬಾಗಿಲಿಂದ ಹೋಗಿ," ಎಂದು ವಾಡಮ್ ಪಿಸುಗುಟ್ಟಿದನು. ಅವನ ದುಂಡು ಮುಖ ಸುಣ್ಣದಂತಾಗಿತ್ತು.

"ನಾನ್ಯಾಕೆ ಹಿಂದಿನ ಬಾಗಿಲಿಂದ ಹೋಗ್ಲಿ? ಕದ್ದಿದ್ದೀನಾ? ಇವರಿಗೆಲ್ಲ ಕೊಡೋಕೆ ಬೆಳ್ಳಿ ಇದೆಯೋ ಇಲ್ವೋ?"

"ಎಲ್ಲರೂ ಒಂದೇ ದಿನ ಬಂದ್ರೆ ಯಾವ ಬ್ಯಾಂಕಲ್ಲೂ ಇರಲ್ಲ. ಮೂವರಲ್ಲಿ ಒಬ್ಬರಿಗೆ ಇದೆ. ಉಳಿದದ್ದು ಸರ್ಕಾರದ ಸಾಲಪತ್ರದಲ್ಲಿದೆ, ಆರಿನ್ ತರಿಸಿದ ಸರಕಲ್ಲಿದೆ, ರೈತರು ಬಿತ್ತಿರೋ ಹೊಲದಲ್ಲಿದೆ. ಬರುತ್ತೆ ಸ್ವಾಮಿ. ಇವತ್ತು ಬರಲ್ಲ."

ಎಲ್ಕಾನಾ ಗೋಣಿ ಹೆಗಲಿಗೇರಿಸಿ ಬಾಗಿಲಿಗೆ ಬಂದನು. ಎಲ್ಲರಿಗಿಂತ ಮುಂದೆ ಕೆಜಾಯಮ್ಮ ನಿಂತಿದ್ದಳು.

"ನಿನ್ನ ಬೆಳ್ಳಿ ನಿನಗೆ ಬಂತಾ ಎಲ್ಕಾನಾ? ಸಂತೋಷ. ನನಗೆ ಬರದಿದ್ರೂ ಚಿಂತೆ ಇಲ್ಲ. ಇವನ್ನ ಗೋಡೆಗೆ ಅಂಟಿಸ್ತೀನಿ. ದಿನಾ ಎದ್ದ ಕೂಡಲೇ ನಿನ್ನ ಮುಖ ನೋಡಿ, ಬಾಯಿ ತುಂಬ ಬೈದು, ಆಮೇಲೆ ಕೋಳಿ ಬಿಡ್ತೀನಿ."

ಆಕೆಗೆ ಅವನ ತಂದೆ ನೋಟು ಅಂಟಿಸಿದ ಗೋಡೆಯ ವಿಷಯ ಗೊತ್ತಿರಲಿಲ್ಲ. ಆದರೆ ಊರಿನ ಒಂದೊಂದು ಗುಡಿಸಲಿನ ಗೋಡೆಯೂ ಎಲ್ಕಾನಾನ ಕಣ್ಣ ಮುಂದೆ ಬಂತು: ಅಂಟಿಸಿದ ನೋಟುಗಳು, ನೋಟಿನ ಮೇಲೆ ಅವನ ಮುಖ, ಅದನ್ನು ನೋಡಿ ಅಕ್ಷರ ಕಲಿಯುವ ಮಕ್ಕಳು. ಹೆಗಲ ಮೇಲಿನ ಬೆಳ್ಳಿ ಒಮ್ಮೆಲೇ ಭಾರವಾಯಿತು. ಅವನು ಹಿಂತಿರುಗಿ ಗೋಣಿಯನ್ನು ಕಟ್ಟೆಯ ಮೇಲೆ ದೊಪ್ಪನೆ ಇಟ್ಟು, "ನನ್ನ ಕಾಗದ ನನಗೆ ವಾಪಸ್ಸು ಕೊಡಿ," ಎಂದನು.

ಜನ ಮೊಣಕೈ ಗುದ್ದಾಟ ನಿಲ್ಲಿಸಿದರು. ಎಲ್ಕಾನಾ ನೋಟುಗಳ ಕಂತೆಯನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ ನಿಂತನು. ಭಾಷಣ ಮಾಡಿ ಅಭ್ಯಾಸವಿಲ್ಲ. ಸುಳ್ಳು ಹೇಳಿಯಂತೂ ಇಲ್ಲವೇ ಇಲ್ಲ.

"ಕೇಳ್ರಪ್ಪಾ. ಇವತ್ತು ಎಲ್ಲರಿಗೂ ಸಾಲುವಷ್ಟು ಬೆಳ್ಳಿ ಒಳಗಿಲ್ಲ. ಇಲ್ಲ ಅಂತ ವಾಡಮ್ ತಾನೇ ಬಾಯಿ ಬಿಟ್ಟು ಹೇಳಿದ. ಬ್ಯಾಂಕಿನೋನ ಬಾಯಲ್ಲಿ ನಿಜ ಕೇಳಿದ್ದು ನಾನು ಇದೇ ಮೊದಲು, ಅದಕ್ಕೇ ನಿಂತಿದ್ದೀನಿ. ಕಾಗದ ಕಾಗದಾನೇ, ನನ್ನ ಅಭಿಪ್ರಾಯ ಬದಲಾಗಿಲ್ಲ. ಆದ್ರೆ ನಾಳೆಯಿಂದ..." ಇಲ್ಲಿ ಕೈಯಲ್ಲಿದ್ದ ಕಂತೆಯ ಕಡೆ ಒಮ್ಮೆ ದುರುದುರು ನೋಡಿದನು. "ನಾಳೆಯಿಂದ ಕಡವಲ್ಲಿ ಈ ನೋಟು ತಗೋತೀನಿ. ಇದೊಂದೇ. ಬೇರೆ ಯಾವುದಾದ್ರೂ ತಂದೀರಿ, ಹೊಳೆಗೆ ಎಸೀತೀನಿ, ನೋಟನ್ನಲ್ಲ, ನಿಮ್ಮನ್ನ."

ಆರಿನ್ ಫಿಸ್ಕ್ ನಕ್ಕ ನಗೆಗೆ ಅವನನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಆದರೆ ಜನ ಚದುರಿದರು. ಬೆಳ್ಳಿಯ ಆಸೆಗಿಂತ ಎಲ್ಕಾನಾ ನೋಟು ತೆಗೆದುಕೊಳ್ಳುವುದನ್ನು ನೋಡುವ ಆಸೆ ದೊಡ್ಡದಾಗಿತ್ತು.

ಮರುದಿನ ಇಡೀ ಊರು ಕಡವಿನಲ್ಲಿ ಸಾಲು ನಿಂತಿತು. ಆಚೆ ದಡದಲ್ಲಿ ಜೊಂಡುಹುಲ್ಲು, ಸೊಳ್ಳೆ ಬಿಟ್ಟರೆ ಯಾರಿಗೂ ಕೆಲಸವಿರಲಿಲ್ಲ. ಆದರೂ ದಾಟಿದರು. ದಾಟಿದವರು ಮರಳಿ ಬರಬೇಕಾದ್ದರಿಂದ ಮತ್ತೆ ಕೊಟ್ಟರು. ಒಂದು ನೋಟಿಗೆ ಹತ್ತಾರು ಜನ ಸೇರಿ ದಾಟುವವರೂ ಇದ್ದರು. ಎಲ್ಕಾನಾ ಒಲೆಯ ಇಕ್ಕಳ ತಂದಿದ್ದನು; ಒಂದೊಂದು ನೋಟನ್ನೂ ಇಕ್ಕಳದಲ್ಲೇ ಹಿಡಿದು, ಮುಖ ಆಚೆ ತಿರುಗಿಸಿ, ಬಕೆಟ್ಟಿಗೆ ಹಾಕುತ್ತಿದ್ದನು. ಅಡಿಗಲ್ಲಿಗೆ ಆ ದಿನ ಕೆಲಸವಿರಲಿಲ್ಲ.

ಇದಾದ ಮೇಲೆ ವಾಡಮ್ ಕೃತಜ್ಞತೆಯಿಂದ ಹೊಸ ಫಲಕ ಕೆತ್ತಿಸಿ, ಎಲ್ಕಾನಾನ ಜಾಗದಲ್ಲಿ ಕೊಬ್ಬಿದ ಹಸುವೊಂದರ ಚಿತ್ರ ಹಾಕಿಸಿದನು. ಎಲ್ಕಾನಾನಿಗೆ ಹೋದ ಜೀವ ಬಂದಂತಾಯಿತು. ಆದರೆ ಹಸುವಿನ ನೋಟನ್ನು ಊರಿನಲ್ಲಿ ಒಬ್ಬರೂ ಮುಟ್ಟಲಿಲ್ಲ.

"ಯಾರ ಹಸು ಇದು?" ಎಂದು ಕೆಜಾಯಮ್ಮ ವಾಡಮ್‌ನನ್ನು ಕೇಳಿದಳು.

"ಯಾರದೂ ಅಲ್ಲ ತಾಯೀ. ಚಿತ್ರದ ಹಸು."

"ಹಾಗಾದ್ರೆ ನೋಟು ಕೆಟ್ಟರೆ ಯಾರ ಹಟ್ಟಿಗೆ ಹೋಗಿ ಜಗಳ ಆಡ್ಲಿ ನಾನು? ಎಲ್ಕಾನಾ ಆದ್ರೆ ಬೈದಾಗ ತಿರುಗಿ ಬೈತಾನೆ. ಮನುಷ್ಯ ಸಿಗ್ತಾನೆ."

ಕೊನೆಗೆ ವಾಡಮ್ ಟೋಪಿ ಕೈಯಲ್ಲಿ ಹಿಡಿದು ಕಡವಿಗೆ ಬಂದು, ಮುಖವನ್ನು ಮತ್ತೆ ನೋಟಿಗೆ ಕೊಡಿರೆಂದು ಬೇಡಿಕೊಂಡನು. ಎಲ್ಕಾನಾ ತಿರ್ಜಾಳ ಮುಖ ನೋಡಿದನು.

"ಜನ ಬಂದು ನಿಮ್ಮನ್ನ ಕೇಳೋದು ಹೇಗೂ ನಿಲ್ಲಲ್ಲ ಪ್ರೂಯಿಟ್ಟರೇ," ಎಂದಳು ಆಕೆ. "ಕೇಳಿದಾಗ ಹೇಳೋಕೆ, ಒಳಗೆ ಬೆಳ್ಳಿ ಎಷ್ಟಿದೆ ಅಂತ ನಿಮಗೆ ಗೊತ್ತಿರಬೇಕು, ಅಷ್ಟೆ."

ಎಲ್ಕಾನಾ ಒಂದು ಷರತ್ತಿನ ಮೇಲೆ ಒಪ್ಪಿದನು. ಪ್ರತಿ ಸೋಮವಾರ ತಾನು ಬ್ಯಾಂಕಿಗೆ ಬರುವೆನು, ಬೆಳ್ಳಿಯ ಪೆಟ್ಟಿಗೆ ತೆರೆದು ತೋರಿಸಬೇಕು. ವಾಡಮ್ ಪೆಟ್ಟಿಗೆಯ ಮುಚ್ಚಳ ತೆಗೆದು ನಿಲ್ಲುವನು. ಎಲ್ಕಾನಾ ಮೊಣಕೈವರೆಗೆ ಕೈ ಇಳಿಸಿ, ಅಡಿಯಲ್ಲಿ ತೂಕಕ್ಕೆ ಮೊಳೆಗಿಳೆ ತುಂಬಿದ್ದಾರೋ ಎಂದು ಕಲಕಿ, ನಾಲ್ಕಾರು ನಾಣ್ಯ ಕುಟ್ಟಿ ಕೇಳಿ, ಹೊರಗೆ ಬಂದು ಬೀದಿಯಲ್ಲಿ ಹೊಗೆಸೊಪ್ಪಿನ ರಸ ಉಗುಳುವನು. ಉಗುಳಿದನೆಂದರೆ ಎಲ್ಲ ಸರಿಯಿದೆ ಎಂದು ಅರ್ಥ. ಆಮೇಲೆಯೇ ಆರಿನ್ ಅಂಗಡಿಯ ಬಾಗಿಲು ತೆರೆಯುವುದು. ನೆರೆಯ ಊರುಗಳಲ್ಲಿ ದೇವತೆಗಳನ್ನೂ ಅಧ್ಯಕ್ಷರನ್ನೂ ಹೊತ್ತಿದ್ದ ಬ್ಯಾಂಕುಗಳು ಒಂದೊಂದಾಗಿ ಮುಚ್ಚಿಹೋದ ವರ್ಷವೂ ಕಡವಿನ ನೋಟು ಅಲುಗಲಿಲ್ಲ. ಇಷ್ಟಾದರೂ ಸಂಜೆ ಒಲೆಯ ಬಳಿ ಎಲ್ಕಾನಾ ಬೆಳ್ಳಿಯ ಪಕ್ಷವನ್ನೇ ವಾದಿಸುತ್ತಿದ್ದನು. ಆರಿನ್ ಅವನ ಮುಖವಿದ್ದ ನೋಟನ್ನೇ ಎದುರಿಗಿಟ್ಟು, "ಇವನೇನಂತಾನೆ ಕೇಳು," ಎಂದು ಛೇಡಿಸುವನು.

ಹೀಗೆ ಬಹಳ ಕಾಲ ನಡೆಯಿತು. ಒಂದು ಚಳಿಗಾಲದ ಸೋಮವಾರ ಎಲ್ಕಾನಾ ಬರಲಿಲ್ಲ. ಚಳಿಜ್ವರ ಹಿಡಿದು, ಎದೆಗೆ ಸಾಸಿವೆಯ ಪಟ್ಟು ಹಾಕಿಸಿಕೊಂಡು ಮಲಗಿದ್ದನು. ಊರಿನವರಿಗೆ ಅದು ತಿಳಿಯದು. ಬೀದಿಯಲ್ಲಿ ಉಗುಳು ಬೀಳಲಿಲ್ಲ, ಆರಿನ್ ಬಾಗಿಲು ತೆರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬ್ಯಾಂಕಿನ ಮುಂದೆ ಜನ ಗುಂಪುಗೂಡಿ ನೋಟು ಕೈಗೆ ತೆಗೆದುಕೊಂಡಿದ್ದರು. ವಾಡಮ್ ಕೋಟು ಹಾಕಿಕೊಳ್ಳುವುದನ್ನೂ ಮರೆತು ಹಿಮದಲ್ಲಿ ಗಾಡಿ ಓಡಿಸಿಕೊಂಡು ಕಡವಿಗೆ ಹೋದನು. ತಿರ್ಜಾ ಬೈದುಕೊಳ್ಳುತ್ತಲೇ ಗಂಡನನ್ನು ಮೂರು ಕೌದಿಗಳಲ್ಲಿ ಸುತ್ತಿ ಗಾಡಿಗೇರಿಸಿದಳು. ತಾನೂ ಹತ್ತಿ ಪಕ್ಕದಲ್ಲಿ ಕೂತಳು.

ನಾಲ್ಕು ಜನ ಅವನನ್ನು ಕುರ್ಚಿಸಮೇತ ಎತ್ತಿ ಬ್ಯಾಂಕಿನೊಳಕ್ಕೆ ಒಯ್ದರು. ಪೆಟ್ಟಿಗೆ ತೆರೆಯಿತು. ಎಲ್ಕಾನಾ ಕೌದಿಯೊಳಗಿಂದ ಒಂದು ಕೈ ಹೊರಗೆ ತೆಗೆದು, ಕಲಕಿ, ಒಂದು ನಾಣ್ಯವನ್ನು ಕುಟ್ಟಿದನು. ನೂರಾರು ಜನ ತಲೆ ಓರೆ ಮಾಡಿ ಆ ಸದ್ದು ಅಡಗುವುದನ್ನೇ ಕಾದರು. ಕುರ್ಚಿಯನ್ನು ಮೆಟ್ಟಿಲಿಗೆ ತಂದು ಇಳಿಸಿದರು. ಉಗುಳಲು ಅವನ ಬಾಯಿ ಒಣಗಿತ್ತು. ಗುಂಪಿನ ಕಡೆಗೆ, ನೋಟಿನಲ್ಲಿ ಇದ್ದಂತೆಯೇ, ದುರುದುರು ನೋಡಿದನು.

"ಬೆಳ್ಳಿ ಇದೆ. ನನಗೆ ಜ್ವರ ಇದೆ. ಎಲ್ಲರೂ ಮನೆಗೆ ಹೋಗ್ರಿ."